ಮಾರ್ಗದಾನ, ಮಾರ್ಗವಿಭಾಗ: ಬೈಸಿಕಲ್ ಸವಾರರಿಗೂ ಮೋಟಾರಿನವರಿಗೂ ನಡೆದ ದಾರಿಯ ವ್ಯಾಜ್ಯದ ಚರಿತ್ರೆ

೧

ಮಹಾಭಾರತದ ಆದಿಪರ್ವದಲ್ಲಿ ಕಲ್ಮಾಷಪಾದನ ಉಪಾಖ್ಯಾನವುಂಟು. ಇಕ್ಷ್ವಾಕುವಂಶದ ಆ ರಾಜನು ಬೇಟೆಯಿಂದ ಬಳಲಿ ಬರುತ್ತಿರಲು, ಒಬ್ಬನು ನಡೆಯುವಷ್ಟೇ ಎಡೆಯುಳ್ಳ ಕಾಡುದಾರಿಯಲ್ಲಿ ವಸಿಷ್ಠರ ಹಿರಿಯ ಮಗನಾದ ಶಕ್ತಿಯು ಎದುರಾದನು. ದಾರಿ ಬಿಡೆಂದು ರಾಜನು. ಧರ್ಮದಂತೆ ದಾರಿಯು ತನಗೆ ಸಲ್ಲತಕ್ಕುದೆಂದು ಋಷಿಕುಮಾರನು. ಮಾತು ಬೆಳೆದು ರಾಜನು ಚಾವಟಿಯನ್ನೆತ್ತಿ ಹೊಡೆದನು, ಹೊಡೆತ ತಿಂದವನು ಶಪಿಸಿದನು, ರಾಜನು ರಾಕ್ಷಸನಾದನು.

ಕ್ರಿ. ಶ. ೧೮೭೬ರಲ್ಲಿ ಇಂಗ್ಲೆಂಡಿನ ಸೇಂಟ್ ಆಲ್ಬನ್ಸ್ ದಾರಿಯಲ್ಲಿ ಇದನ್ನೇ ಹೋಲುವ ಸಂಗತಿಯೊಂದು ನಡೆಯಿತು. ಕುದುರೆಗಳ ಬಂಡಿಯನ್ನು ದಾಟಿಹೋಗಲೆತ್ನಿಸಿದ ಬೈಸಿಕಲ್ ಸವಾರನೊಬ್ಬನನ್ನು ಸಾರಥಿಯು ಚಾವಟಿಯಿಂದ ಹೊಡೆದನು. ಬಂಡಿಯ ಕಾವಲಾಳು ಹಗ್ಗಕ್ಕೆ ಕಟ್ಟಿದ ಕಬ್ಬಿಣದ ಗುಂಡನ್ನು ಗಾಲಿಯ ಕಡ್ಡಿಗಳೊಳಕ್ಕೆ ಎಸೆದು ಸವಾರನನ್ನು ನೆಲಕ್ಕೆ ಕೆಡಹಿದನು. ಇಲ್ಲಿ ಶಾಪದ ಸ್ಥಾನದಲ್ಲಿ ನ್ಯಾಯಸ್ಥಾನವಿದ್ದಿತು. ಇಬ್ಬರೂ ಜುಲ್ಮಾನೆ ತೆತ್ತರು.

ಈ ಎರಡು ಘಟನೆಗಳಿಗೆ ಕಾಲದೇಶಗಳ ಅಂತರವು ಬಹಳವಾದರೂ ವ್ಯಾಜ್ಯದ ವಸ್ತು ಒಂದೇ. ಸರ್ವರಿಗೂ ಸೇರಿದ ದಾರಿಯಲ್ಲಿ ಇಬ್ಬರು ಒಂದೇ ಎಡೆಯನ್ನು ಒಂದೇ ಕ್ಷಣದಲ್ಲಿ ಬಯಸಿದರೆ ಯಾರು ಸರಿಯಬೇಕು? ಈ ಪ್ರಶ್ನೆಗೆ ಲೋಕದಲ್ಲಿ ಎರಡೇ ಉತ್ತರಗಳು ಕಂಡುಬಂದಿವೆ. ಒಬ್ಬನು ಮತ್ತೊಬ್ಬನಿಗೆ ದಾರಿ ಬಿಟ್ಟುಕೊಡುವುದು ಒಂದು, ಇದನ್ನು ಮಾರ್ಗದಾನವೆನ್ನಬಹುದು. ಇಬ್ಬರಿಗೂ ಬೇರೆ ಬೇರೆ ದಾರಿಗಳನ್ನು ಏರ್ಪಡಿಸುವುದು ಇನ್ನೊಂದು, ಅದನ್ನು ಮಾರ್ಗವಿಭಾಗವೆನ್ನಬಹುದು. ಬೈಸಿಕಲ್ ಸವಾರರಿಗೂ ಮೋಟಾರು ನಡೆಸುವವರಿಗೂ ನೂರಿಪ್ಪತ್ತು ವರ್ಷಗಳಿಗೂ ಮಿಗಿಲಾಗಿ ನಡೆದುಬಂದಿರುವ ಕಲಹದ ಚರಿತ್ರೆಯೆಲ್ಲವೂ ಈ ಎರಡು ಉತ್ತರಗಳಲ್ಲಿ ಯಾವುದು ನ್ಯಾಯ, ಯಾವುದು ನ್ಯಾಯದ ವೇಷದಲ್ಲಿರುವ ಅನ್ಯಾಯ ಎಂಬ ವಿಚಾರವೇ ಆಗಿದೆ. ಅದನ್ನು ಪರೀಕ್ಷಿಸುವುದಕ್ಕೆ ಮೊದಲು ನಮ್ಮ ಪ್ರಾಚೀನರು ಈ ವಿಷಯದಲ್ಲಿ ಏನು ಹೇಳಿರುವರೆಂಬುದನ್ನು ಸಂಗ್ರಹವಾಗಿ ನೋಡುವುದು ಯುಕ್ತವು.

೨

ಮನುಸ್ಮೃತಿಯ ಎರಡನೆಯ ಅಧ್ಯಾಯದಲ್ಲಿ ದಾರಿ ಬಿಡತಕ್ಕವರ ಪಟ್ಟಿಯೊಂದಿದೆ. ಗಾಲಿಯ ಬಂಡಿಯಲ್ಲಿ ಬರುವವನು, ತೊಂಬತ್ತು ಮೀರಿದ ಮುದುಕನು, ರೋಗಿ, ಹೊರೆ ಹೊತ್ತವನು, ಸ್ತ್ರೀ, ಸ್ನಾತಕನು, ರಾಜನು, ಮದುವಣಿಗನು—ಇವರಿಗೆ ಎದುರಿನವನು ಎಡೆಗೊಡಬೇಕು. ವನಪರ್ವದಲ್ಲಿ ಬಾಲಕನಾದ ಅಷ್ಟಾವಕ್ರನು ದಾರಿಯಲ್ಲಿ ಜನಕರಾಜನನ್ನು ತಡೆದು ಇಂಥದೇ ಪಟ್ಟಿಯನ್ನು ಹೇಳುತ್ತಾನೆ. ಅದರಲ್ಲಿ ಕುರುಡನೂ ಕಿವುಡನೂ ಮೊದಲು ಬರುತ್ತಾರೆ. ಅದನ್ನು ಕೇಳಿ ಜನಕನು ಆ ಹುಡುಗನಿಗೆ ದಾರಿ ಬಿಟ್ಟನೆಂದು ಕಥೆ.

ಈ ಪಟ್ಟಿಗಳನ್ನು ವಿಂಗಡಿಸಿ ನೋಡಿದರೆ ಮೂರು ಬೇರೆ ಬೇರೆ ಕಾರಣಗಳು ಒಂದರೊಡನೊಂದು ಬೆರೆತಿರುವುದು ಕಾಣುತ್ತದೆ. ರಾಜನಿಗೂ ಸ್ನಾತಕನಿಗೂ ದಾರಿ ಸಲ್ಲುವುದು ಮಾನ್ಯತೆಯಿಂದ. ರೋಗಿಗೂ ವೃದ್ಧನಿಗೂ ಕುರುಡನಿಗೂ ಸಲ್ಲುವುದು ಅಶಕ್ತಿಯಿಂದ. ಬಂಡಿಯವನಿಗೂ ಹೊರೆಯವನಿಗೂ ಸಲ್ಲುವುದು ಅವರು ಸುಲಭವಾಗಿ ತಿರುಗಲಾರರೆಂಬ ಕಾರಣದಿಂದ. ಗಾಲಿಯ ಜಾಡಿನಿಂದ ಎತ್ತಿನ ಬಂಡಿಯನ್ನು ಹೊರಳಿಸುವುದಕ್ಕಿಂತ ಕಾಲ್ನಡೆಯವನು ಒಂದು ಹೆಜ್ಜೆ ಪಕ್ಕಕ್ಕಿಡುವುದು ಹಗುರವಷ್ಟೆ. ಮನುವು ಬಂಡಿಯವನಿಗೆ ಬಳಸಿರುವ ಮಾತು 'ಚಕ್ರಿ' ಎಂದು. ಈ ಒಂದು ಶಬ್ದವನ್ನು ಹಿಡಿದು ಈಗಿನ ವ್ಯಾಜ್ಯವನ್ನು ತೀರಿಸಲೆಳಸಿದರೆ ಫಲವಿಲ್ಲ. ಬೈಸಿಕಲ್ಲಿನವನೂ ಚಕ್ರಿ, ಮೋಟಾರಿನವನೂ ಚಕ್ರಿ. ಶಬ್ದವು ಇಬ್ಬರಿಗೂ ಸಮಾನ. ಶಬ್ದದ ಹಿಂದಿರುವ ಕಾರಣಗಳು ಮಾತ್ರ ಸಮಾನವಲ್ಲ.

ಅದೇ ಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಬಂಡಿಯಿಂದಾಗುವ ಅಪಘಾತಗಳ ವಿಚಾರವಿದೆ. ಮೂಗುದಾರ ಹರಿದುದು, ನೊಗ ಮುರಿದುದು ಮೊದಲಾದ ಹತ್ತು ಸಂದರ್ಭಗಳಲ್ಲಿ ದಂಡವಿಲ್ಲ. ಸಾರಥಿಯ ಅಕೌಶಲದಿಂದ ಹಿಂಸೆಯಾದರೆ ಒಡೆಯನಿಗೆ ಇನ್ನೂರು ದಂಡ. ಕುಶಲನಾದ ಸಾರಥಿಯು ತಪ್ಪಿದರೆ ಅವನಿಗೇ ದಂಡ. ಸಾರಥಿಯು ತಕ್ಕವನಲ್ಲದಿದ್ದರೆ ಬಂಡಿಯಲ್ಲಿ ಕುಳಿತವರೆಲ್ಲರಿಗೂ ನೂರು ನೂರು ದಂಡ. ಕೌಟಿಲ್ಯನು ಸಾರಥಿಯು ಬಾಲಕನಾದರೆ ಬಂಡಿಯಲ್ಲಿರುವ ಒಡೆಯನನ್ನು ದಂಡಿಸಬೇಕೆನ್ನುತ್ತಾನೆ. ಭಾರತದ ಮೋಟಾರು ಕಾಯಿದೆಗೆ ೨೦೧೯ರಲ್ಲಿ ಸೇರಿದ ತಿದ್ದುಪಡಿಯೊಂದು ವಯಸ್ಸಿಗೆ ಬಾರದ ಹುಡುಗನು ಗಾಡಿ ನಡೆಸಿ ತಪ್ಪೆಸಗಿದರೆ ಪೋಷಕನನ್ನೂ ಒಡೆಯನನ್ನೂ ಹೊಣೆಮಾಡುತ್ತದೆ. ವಿಚಾರವು ಹಳೆಯದೇ ಎಂಬುದು ಇದರಿಂದ ವಿದಿತವಾಗುವುದು.

ಯಾಜ್ಞವಲ್ಕ್ಯಸ್ಮೃತಿಯ ವಿಧಿಯೊಂದು ಪ್ರಕೃತಕ್ಕೆ ಇನ್ನೂ ಹತ್ತಿರವಾದುದು. 'ಅಪೇಹಿ', ಎಂದರೆ 'ಸರಿ, ತೊಲಗು' ಎಂದು ಕೂಗುತ್ತ ಬರುವವನ ಪಶುವಿನಿಂದ ಹಾನಿಯಾದರೆ ಅವನಿಗೆ ದೋಷವಿಲ್ಲವೆಂದು ಅಲ್ಲಿ ಹೇಳಿದೆ. ಈ ಸ್ಮೃತಿಗೆ ಕರ್ಣಾಟಕದ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ವಿಜ್ಞಾನೇಶ್ವರನು ರಚಿಸಿದ ಮಿತಾಕ್ಷರೆಯು ಬಹುಕಾಲ ಭಾರತದ ಬಹುಭಾಗದಲ್ಲಿ ವ್ಯವಹಾರಕ್ಕೆ ಆಧಾರವಾಗಿದ್ದುದು ಪ್ರಸಿದ್ಧವೇ. ಎಚ್ಚರಿಸಿದವನು ಹೊಣೆಯಿಂದ ಬಿಡುಗಡೆ ಹೊಂದುವನೆಂಬ ಈ ತತ್ತ್ವವನ್ನು ನೆನಪಿನಲ್ಲಿಡತಕ್ಕದ್ದು. ಎತ್ತಿನ ನಡೆಯ ಕಾಲಕ್ಕೆ ಇದು ಒಪ್ಪುವಂತಹದು; ಕೂಗನ್ನು ಕೇಳಿ ಸರಿಯುವುದಕ್ಕೆ ಆಗ ಅವಕಾಶವಿದ್ದಿತು.

ಮಾರ್ಗವಿಭಾಗದ ಮೂಲವನ್ನು ಕೌಟಿಲ್ಯನಲ್ಲಿ ಕಾಣಬಹುದು. ಮೈಸೂರಿನ ಓರಿಯೆಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಅಚ್ಚುಹಾಕಿಸಿ ಲೋಕಕ್ಕೆ ಕೊಟ್ಟ ಅರ್ಥಶಾಸ್ತ್ರದಲ್ಲಿ ದಾರಿಗಳ ಅಗಲವನ್ನು ಬಳಕೆಗೆ ತಕ್ಕಂತೆ ವಿಧಿಸಿದೆ. ರಥಪಥಕ್ಕೆ ೫ ಅರತ್ನಿ, ಪಶುಪಥಕ್ಕೆ ೪, ಕುರಿಮೇಕೆಗಳಿಗೂ ಮನುಷ್ಯರಿಗೂ ೨; ಅರತ್ನಿಯೆಂದರೆ ಸುಮಾರು ಒಂದು ಮೊಳ. ಕಿರಿದಾರಿಯನ್ನು ಕಟ್ಟಿಹಾಕಿದವನಿಗೂ ೧೨ ಪಣ ದಂಡವುಂಟು; ದಾರಿ ಹಿರಿದಾದಂತೆ ದಂಡವು ೧೦೦೦ದವರೆಗೆ ಏರುತ್ತದೆ. ಕಾಲ್ನಡೆಯವನ ಎರಡು ಮೊಳವೂ ರಾಜರಕ್ಷಿತವೆಂಬುದು ಇಲ್ಲಿ ಗಮನಿಸತಕ್ಕ ಅಂಶ.

ಆದರೆ ವಿಭಾಗವು ಯಾವಾಗಲೂ ರಕ್ಷಣೆಗಾಗಿಯೇ ಇರಲಿಲ್ಲವೆಂಬುದನ್ನೂ ಮರೆಯಬಾರದು. ಈ ದೇಶದಲ್ಲಿ ದಾರಿಯನ್ನು ಬೇರ್ಪಡಿಸಿ ಕೆಲವರನ್ನು ಅದರಿಂದ ಹೊರಗಿಟ್ಟ ಕಾಲವೂ ಉಂಟು. ೧೯೨೪ರಲ್ಲಿ ವೈಕಂ ಸತ್ಯಾಗ್ರಹವು ನಡೆದುದು ದೇವಾಲಯಪ್ರವೇಶಕ್ಕಾಗಿಯಲ್ಲ, ದೇವಾಲಯದ ಸುತ್ತಣ ಬೀದಿಗಳಲ್ಲಿ ನಡೆಯುವ ಹಕ್ಕಿಗಾಗಿ. ಒಬ್ಬನಿಗೆ ಬೇರೆ ದಾರಿಯನ್ನು ತೋರಿಸುವುದೆಂದರೆ ಅವನಿಗೆ ದಾರಿಯನ್ನು ಕೊಟ್ಟಂತೆಯೂ ಆಗಬಹುದು, ಅವನಿಂದ ದಾರಿಯನ್ನು ಕಿತ್ತುಕೊಂಡಂತೆಯೂ ಆಗಬಹುದು. ಈ ಭೇದವೇ ಮುಂದಿನ ಚರಿತ್ರೆಗೆ ಬೀಗದ ಕೈ.

೩

ಇಂಗ್ಲೆಂಡಿನಲ್ಲಿ ಬೈಸಿಕಲ್ಲು ಮೊದಲು ದಾರಿಗಿಳಿದಾಗ ಅದೇ ಆಗಂತುಕನಾಗಿದ್ದಿತು. ಮುಂದಿನ ಗಾಲಿ ಆಳೆತ್ತರ, ಹಿಂದಿನದು ಗೇಣುದ್ದ ಎಂಬಂತಿದ್ದ ಆ ಯಂತ್ರದ ಮೇಲೆ ಯುವಕರು ಗಾಳಿಯಂತೆ ಹೋಗುತ್ತಿರಲು ಕುದುರೆಗಳು ಬೆದರುತ್ತಿದ್ದವು, ಕಾಲ್ನಡೆಯವರು ಬೈಯುತ್ತಿದ್ದರು. ಇದು ಬಂಡಿಯೋ ಅಲ್ಲವೋ ಎಂಬುದೇ ನಿಶ್ಚಯವಾಗಿರಲಿಲ್ಲ. ೧೮೭೯ರಲ್ಲಿ ಟೇಲರ್–ಗುಡ್‌ವಿನ್ ವ್ಯಾಜ್ಯದಲ್ಲಿ ನ್ಯಾಯಸ್ಥಾನವು, ೧೮೩೫ರ ಹೆದ್ದಾರಿ ಕಾಯಿದೆಯಲ್ಲಿ ಅತಿವೇಗದ ನಡೆಸುವಿಕೆಯನ್ನು ನಿಷೇಧಿಸಿರುವ ಮಟ್ಟಿಗೆ ಬೈಸಿಕಲ್ಲೂ ಬಂಡಿಯೇ ಎಂದು ತೀರ್ಮಾನಿಸಿತು. ಸವಾರನಿಗೆ ಬಂಡಿಯವನ ಪದವಿಯು ಮೊದಲು ದೊರೆತುದು ಹೀಗೆ, ದಂಡನೆಯ ಮೂಲಕ.

೧೮೮೮ರ ಸ್ಥಳೀಯ ಆಡಳಿತದ ಕಾಯಿದೆಯು ಬೈಸಿಕಲ್ಲುಗಳು ಬಂಡಿಗಳೇ ಎಂದು ಸ್ಪಷ್ಟವಾಗಿ ಸಾರಿತು. ಅಂದಿನಿಂದ ಸವಾರನಿಗೆ ಹೆದ್ದಾರಿಯಲ್ಲಿ ಹಕ್ಕು ಸ್ಥಿರವಾಯಿತು. ಅದರೊಡನೆ ಎರಡು ಹೊಣೆಗಳೂ ಬಂದವು. ರಾತ್ರಿಯಲ್ಲಿ ದೀಪವಿರಬೇಕು, ಮುಂದಿರುವವರನ್ನು ದಾಟುವಾಗ ಗಂಟೆಯನ್ನೋ ಸಿಳ್ಳನ್ನೋ ಬಾರಿಸಿ ಎಚ್ಚರಿಸಬೇಕು. ಯಾಜ್ಞವಲ್ಕ್ಯನ 'ಅಪೇಹಿ'ಯು ಹೀಗೆ ಬೈಸಿಕಲ್ಲಿನ ಗಂಟೆಯಾಯಿತೆನ್ನಬಹುದು. ಬಂಡಿಯೆನಿಸಿಕೊಂಡುದರಿಂದ ಕಾಲುದಾರಿಯ ಮೇಲೆ ಹೋಗುವ ಅವಕಾಶವು ಅದಕ್ಕೆ ಇಲ್ಲವಾಯಿತು. ಕಾಲ್ನಡೆಯವನ ಪಕ್ಷದಿಂದ ನೋಡಿದರೆ ಇದು ನ್ಯಾಯವೇ. ಅವನ ಪಾಲಿಗೆ ಆಗ ಸವಾರನೇ ಬಲಿಷ್ಠನು.

ಸವಾರರು ಸಂಘಟಿತರಾಗಿದ್ದರು. ೧೮೭೮ರಲ್ಲಿ ಹ್ಯಾರೊಗೇಟಿನಲ್ಲಿ ಹುಟ್ಟಿದ ಬೈಸಿಕಲ್ ಪ್ರವಾಸಿಗಳ ಕ್ಲಬ್ಬು ೧೮೮೩ರಲ್ಲಿ ಸೈಕ್ಲಿಸ್ಟ್ಸ್ ಟೂರಿಂಗ್ ಕ್ಲಬ್ ಎಂಬ ಹೆಸರನ್ನು ತಾಳಿತು. ರೈಲು ಬಂದಮೇಲೆ ಹೆದ್ದಾರಿಗಳು ಹಾಳುಬಿದ್ದಿದ್ದವು. ಅವುಗಳನ್ನು ಸರಿಪಡಿಸಬೇಕೆಂದು ಒತ್ತಾಯಿಸಲು ೧೮೮೬ರಲ್ಲಿ ದಾರಿಸುಧಾರಣೆಯ ಸಂಘವೊಂದನ್ನು ಕಟ್ಟಿದವರೂ ಬೈಸಿಕಲ್ ಸವಾರರೇ. ೧೮೮೫ರಲ್ಲಿ ಸ್ಟಾರ್ಲಿಯ ಸಮಗಾಲಿಯ ಬೈಸಿಕಲ್ಲೂ ೧೮೮೮ರಲ್ಲಿ ಡನ್‌ಲಪ್ಪನ ಗಾಳಿ ತುಂಬಿದ ಟೈರೂ ಬಂದಮೇಲೆ ಸ್ತ್ರೀಯರೂ ಸಾಮಾನ್ಯರೂ ದಾರಿಗಿಳಿದರು. ಮುಂದೆ ಮೋಟಾರು ಓಡಿದುದು ಸವಾರರು ಬೇಡಿ ಮಾಡಿಸಿದ ದಾರಿಯ ಮೇಲೆ, ಸವಾರರಿಗಾಗಿ ಹುಟ್ಟಿದ ಟೈರಿನ ಮೇಲೆ.

೪

೧೮೯೬ರ ಕಾಯಿದೆಯಿಂದ ಮೋಟಾರುಗಳಿಗೆ ಗಂಟೆಗೆ ೧೪ ಮೈಲಿಯ ವೇಗದವರೆಗೆ ಅನುಮತಿ ದೊರೆಯಿತು. ೧೯೦೩ರಲ್ಲಿ ಅದು ೨೦ ಮೈಲಿಗೇರಿತು. ಗಾಡಿಗೆ ಸಂಖ್ಯೆಯೂ ನಡೆಸುವವನಿಗೆ ಪರವಾನಗಿಯೂ ಬಂದವು. ಮೊದಮೊದಲು ಎರಡು ಪಕ್ಷಗಳಿಗೂ ವೈರವಿರಲಿಲ್ಲ. ಮೋಟಾರಿನ ಆದ್ಯಪ್ರವರ್ತಕರಲ್ಲಿ ಅನೇಕರು ಬೈಸಿಕಲ್ಲಿನಿಂದಲೇ ಬಂದವರು. ಆದುದರಿಂದ ಟೂರಿಂಗ್ ಕ್ಲಬ್ಬಿನ ನಾಯಕರು ಮೋಟಾರು ಪ್ರವಾಸಿಗಳನ್ನೂ ಸದಸ್ಯರನ್ನಾಗಿ ಸೇರಿಸಿಕೊಳ್ಳಲು ಬಯಸಿ, ಸಂಘದ ಉದ್ದೇಶಪತ್ರವನ್ನು ತಿದ್ದಲು ನ್ಯಾಯಸ್ಥಾನದ ಅಪ್ಪಣೆಯನ್ನು ಬೇಡಿದರು. ೧೯೦೭ರ ನ್ಯಾಯವರದಿಗಳಲ್ಲಿ ದಾಖಲಾಗಿರುವ ತೀರ್ಪಿನಲ್ಲಿ ನ್ಯಾಯಾಧೀಶರು ಅಪ್ಪಣೆಯನ್ನು ನಿರಾಕರಿಸಿದರು. ಮೋಟಾರಿನವರಿಂದ ಸವಾರರನ್ನು ರಕ್ಷಿಸುವುದೇ ಈ ಸಂಘದ ಉದ್ದೇಶಗಳಲ್ಲೊಂದಾಗಿರುವಾಗ ಇಬ್ಬರನ್ನೂ ಒಂದೇ ಸಂಘದಲ್ಲಿ ಹೊಂದಿಸಲಾಗದೆಂದು ಕಾರಣ ಕೊಟ್ಟರು. ಸವಾರರ ನಾಯಕರಿಗೇ ಇನ್ನೂ ಒಪ್ಪಿಗೆಯಾಗದಿದ್ದ ಒಂದು ವಿರೋಧವನ್ನು ನ್ಯಾಯಸ್ಥಾನವು ಮೊದಲು ಕಂಡುಹೇಳಿತೆಂಬುದು ಈ ಚರಿತ್ರೆಯ ವಿಶೇಷಗಳಲ್ಲೊಂದು.

ಇಷ್ಟರಲ್ಲಿ 'ಹಣ ಕೊಟ್ಟವನದು ದಾರಿ' ಎಂಬ ವಾದವೂ ತಲೆಯೆತ್ತಿತು. ೧೯೨೦ರ ಕಾಯಿದೆಯಂತೆ ಮೋಟಾರುಗಳ ಮೇಲಿನ ತೆರಿಗೆಯನ್ನು ಒಂದು ರಸ್ತೆನಿಧಿಗೆ ಸೇರಿಸುತ್ತಿದ್ದರು. ಬೈಸಿಕಲ್ಲಿಗೆ ಅಂಥ ತೆರಿಗೆಯಿರಲಿಲ್ಲ. ಆದಕಾರಣ ದಾರಿಯಲ್ಲಿ ಅವನು ಪರರ ಖರ್ಚಿನಲ್ಲಿ ನಡೆಯುವವನೆಂದು ಮೋಟಾರಿನವರು ಆಕ್ಷೇಪಿಸಿದರು. ಈ ಆಕ್ಷೇಪಕ್ಕೆ ಹುರುಳಿಲ್ಲ. ಮುಡಿಪಾಗಿದ್ದ ಆ ನಿಧಿಯ ಏರ್ಪಾಡು ೧೯೩೭ರಲ್ಲಿ ಕೊನೆಗೊಂಡು ತೆರಿಗೆಯು ಸಾಮಾನ್ಯ ಬೊಕ್ಕಸಕ್ಕೆ ಸೇರಿತು. ಆ ಬಳಿಕ ದಾರಿಯ ಖರ್ಚು ಸಮಸ್ತ ಪ್ರಜೆಗಳದು. ಹಾಲೆಂಡ್ ದೇಶದಲ್ಲಿ ೧೯೨೪ರಿಂದ ೧೯೪೧ರವರೆಗೆ ಬೈಸಿಕಲ್ಲಿನ ಮೇಲೆಯೇ ತೆರಿಗೆಯಿದ್ದು, ಕೊಟ್ಟುದಕ್ಕೆ ಗುರುತಾಗಿ ಲೋಹದ ಬಿಲ್ಲೆಯನ್ನು ಸಿಕ್ಕಿಸಿಕೊಳ್ಳಬೇಕಾಗಿದ್ದಿತು. ನಮ್ಮ ಪುರಸಭೆಗಳು ಬೈಸಿಕಲ್ಲಿಗೆ ಕೊಡುತ್ತಿದ್ದ ತಗಡಿನ ಬಿಲ್ಲೆಯನ್ನು ಹಿರಿಯರು ಬಲ್ಲರು. ಬಿಲ್ಲೆ ಸಿಕ್ಕಿಸಿಕೊಂಡ ಸವಾರನಿಗೆ ಮೋಟಾರಿನವನು ಹೆಚ್ಚಾಗಿ ದಾರಿ ಬಿಟ್ಟುದಕ್ಕೆ ನಿದರ್ಶನವಿಲ್ಲ. ಹಣವು ನೆಪ, ವೇಗವೇ ಕಾರಣ.

೫

ವ್ಯಾಜ್ಯವು ತೀವ್ರವಾದುದು ೧೯೩೦ರ ಬಳಿಕ. ಆ ವರ್ಷದ ಕಾಯಿದೆಯು ಕಾರುಗಳ ವೇಗಮಿತಿಯನ್ನೇ ತೆಗೆದುಹಾಕಿತು; ಪ್ರತಿಯಾಗಿ, ಪರರಿಗಾಗುವ ಹಾನಿಗೆ ವಿಮೆಯನ್ನು ಕಡ್ಡಾಯಮಾಡಿತು; ೧೯೩೧ರಲ್ಲಿ ದಾರಿಯ ನಡವಳಿಕೆಯ ಸಂಹಿತೆಯೊಂದು ಪ್ರಕಟವಾಯಿತು. ೧೯೩೪ರಲ್ಲಿ ಬ್ರಿಟನ್ನಿನ ದಾರಿಗಳಲ್ಲಿ ಸತ್ತವರು ೭,೩೪೩ ಮಂದಿ. ಲೆಸ್ಲಿ ಹೋರ್-ಬೆಲೀಷಾ ಎಂಬ ಸಾರಿಗೆ ಮಂತ್ರಿಯು ೧೯೩೫ರ ಮಾರ್ಚಿಯಿಂದ ಊರುಗಳೊಳಗೆ ೩೦ ಮೈಲಿಯ ಮಿತಿಯನ್ನೂ ಅದೇ ಜೂನಿನಿಂದ ಚಾಲಕರಿಗೆ ಪರೀಕ್ಷೆಯನ್ನೂ ಜಾರಿಗೆ ತಂದನು. ಸವಾರರೂ ಮೋಟಾರಿನವರೂ ನೇರವಾಗಿ ಹೋರಾಡಿದುದು ಮಾತ್ರ ಬೇರೆ ಎರಡು ವಿಷಯಗಳಲ್ಲಿ: ಹಿಂದೀಪ, ಬೇರೆ ಪಥ.

ಬೈಸಿಕಲ್ಲಿನ ಹಿಂಭಾಗದಲ್ಲಿ ಕೆಂಪು ದೀಪವಿರಬೇಕೆಂದು ಮೋಟಾರಿನವರ ಬೇಡಿಕೆ. ಕತ್ತಲಲ್ಲಿ ಕಾಣದುದನ್ನು ತಪ್ಪಿಸುವುದು ಹೇಗೆಂದು ಅವರ ಯುಕ್ತಿ. ಅದು ಮೇಲ್ನೋಟಕ್ಕೆ ಸಾಧುವಾದುದೇ. ಸವಾರರ ಸಂಘವು ಇದನ್ನು ದಶಕಗಳ ಕಾಲ ವಿರೋಧಿಸಿತು. ಅವರ ವಾದದ ತಿರುಳಿದು: ಹಿಂದಿನಿಂದ ಬಂದು ದಾಟುವವನು ತನ್ನ ದೀಪದ ಬೆಳಕಿನಲ್ಲಿ ಕಾಣುವಷ್ಟು ದೂರದೊಳಗೆ ನಿಲ್ಲಬಲ್ಲ ವೇಗದಲ್ಲಿ ಬರತಕ್ಕದ್ದು, ಹಿಂದೀಪ ಕಡ್ಡಾಯವಾದರೆ, ನೋಡುವುದು ದಾಟುವವನ ಹೊಣೆಯಾಗಿರುವುದು ತಪ್ಪಿ ಕಾಣಿಸಿಕೊಳ್ಳುವುದು ಮುಂದಿನವನ ಹೊಣೆಯಾಗುವುದು, ದೀಪವು ಗಾಳಿಗೆ ಆರಿದ ರಾತ್ರಿ ಸತ್ತವನೇ ತಪ್ಪಿತಸ್ಥನೆನಿಸುವನು. ೧೯೨೭ರ ಕಾಯಿದೆಯಲ್ಲಿ ದೀಪಕ್ಕೆ ಬದಲಾಗಿ ಬೆಳಕನ್ನು ಪ್ರತಿಫಲಿಸುವ ಕೆಂಪು ಗಾಜಿಗೆ ಅವಕಾಶವಿದ್ದಿತು. ೧೯೩೯ರಲ್ಲಿ ಯುದ್ಧಕಾಲದ ಕತ್ತಲೆಯ ನಿಯಮವು ಬಂದಾಗ ಹಿಂದೀಪವು ಕಡ್ಡಾಯವಾಯಿತು. ೧೯೪೫ರಲ್ಲಿ ಅದೇ ಸ್ಥಿರವಾಯಿತು. ಇಂದು ಹಿಂದೀಪವನ್ನು ಬೇಡವೆನ್ನುವ ಸವಾರನಿಲ್ಲ. ಅದು ಪ್ರಾಣರಕ್ಷಕವೆಂಬುದರಲ್ಲಿ ಸಂದೇಹವೂ ಇಲ್ಲ. ಆದರೂ ಹೊಣೆಯು ಕೈಬದಲಾಯಿಸುವುದೆಂದು ಅವರು ಅಂಜಿದುದು ಸುಳ್ಳಾಗಲಿಲ್ಲ. ಅಪಘಾತವಾದೊಡನೆ ದೀಪವಿದ್ದಿತೇ, ತಲೆಗೆ ಟೋಪಿಯಿದ್ದಿತೇ ಎಂದು ಮೊದಲು ಬಿದ್ದವನನ್ನು ವಿಚಾರಿಸುವ ರೂಢಿಯು ಇಂದಿಗೂ ಉಳಿದಿದೆ.

ಎರಡನೆಯದು ಬೇರೆ ಪಥದ ವಿಷಯ. ೧೯೩೪ರ ಡಿಸೆಂಬರಿನಲ್ಲಿ ಲಂಡನ್ನಿನ ಪಶ್ಚಿಮಕ್ಕೆ ವೆಸ್ಟರ್ನ್ ಅವೆನ್ಯೂ ಎಂಬ ಹೊಸ ಹೆದ್ದಾರಿಯ ಇಕ್ಕೆಲಗಳಲ್ಲಿಯೂ ಬೈಸಿಕಲ್ ಪಥಗಳನ್ನು ಹೋರ್-ಬೆಲೀಷಾ ತೆರೆದನು. ಉದ್ದ ಎರಡೂವರೆ ಮೈಲಿ, ಅಗಲ ಎಂಟೂವರೆ ಅಡಿ. ಸವಾರರು ಇದನ್ನು ಸಂಭ್ರಮದಿಂದ ಸ್ವಾಗತಿಸುವರೆಂದು ಯಾರಾದರೂ ಊಹಿಸಿಯಾರು. ಆದುದು ಅದಕ್ಕೆ ವಿರುದ್ಧ. ಟೂರಿಂಗ್ ಕ್ಲಬ್ಬು ಬಲವಾಗಿ ಪ್ರತಿಭಟಿಸಿತು. ಪಥವು ಅಡ್ಡಬೀದಿ ಬಂದಲ್ಲೆಲ್ಲ ಕಡಿದುಹೋಗುತ್ತದೆ, ಹೆದ್ದಾರಿಯ ನೇರವಾದ ಓಟ ಅಲ್ಲಿಲ್ಲ ಎಂಬುದು ಒಂದು ದೂರು. ಮುಖ್ಯವಾದ ದೂರು ಬೇರೆ: ಇಂದು ಪಥವನ್ನು ಕೊಟ್ಟವರು ನಾಳೆ ಅದನ್ನು ಕಡ್ಡಾಯಮಾಡಿ ಹೆದ್ದಾರಿಯಿಂದ ತಮ್ಮನ್ನು ಹೊರಡಿಸುವರೆಂದು. ೧೮೮೮ರಲ್ಲಿ ಗಳಿಸಿದ ಬಂಡಿಯವನ ಪದವಿಯು ಎರಡೂವರೆ ಮೈಲಿಯ ಕಾಂಕ್ರೀಟಿಗೆ ಮಾರಾಟವಾಗುವುದೆಂದು ಅವರ ಆತಂಕ.

ಈ ಆತಂಕವು ಕಲ್ಪಿತವೆನ್ನುವಂತಿಲ್ಲ. ಅದೇ ೧೯೩೪ರಲ್ಲಿ ಜರ್ಮನಿಯ ಸಾರಿಗೆ ಶಾಸನವು ಪಥವಿರುವೆಡೆ ಸವಾರನು ಪಥವನ್ನೇ ಬಳಸಬೇಕೆಂದು ವಿಧಿಸಿತು. ಮೋಟಾರು ಸಾರಿಗೆಯ ಏಳಿಗೆಯೇ ಗುರಿಯೆಂದು ಆ ಶಾಸನದ ಪೀಠಿಕೆಯಲ್ಲಿಯೇ ಹೇಳಿದ್ದಿತು. ಇಂಗ್ಲೆಂಡಿನಲ್ಲಿಯೂ ಲಾರ್ಡ್ಸ್ ಸಭೆಯ ಆಲ್ನೆಸ್ ಸಮಿತಿಯು ೧೯೩೯ರಲ್ಲಿ, ತಕ್ಕ ಪಥವಿದ್ದಲ್ಲಿ ಅದರ ಬಳಕೆ ಕಡ್ಡಾಯವಾಗಬೇಕೆಂದು ಸಲಹೆಯಿತ್ತಿತು. ಅಷ್ಟರಲ್ಲಿ ಯುದ್ಧವು ಬಂದು ಆ ಮಾತು ಹಿಂದೆಬಿದ್ದಿತು.

೬

ಇಲ್ಲಿ ಒಂದು ಪೂರ್ವಪಕ್ಷವನ್ನು ಎತ್ತಬಹುದು. ಬೇರೆ ಪಥವು ಅನ್ಯಾಯವಾದರೆ, ಬೇರೆ ಪಥಗಳಿಂದ ತುಂಬಿರುವ ಹಾಲೆಂಡಿನಲ್ಲಿ ಸವಾರನು ಸುಖಿಯಾಗಿರುವುದು ಹೇಗೆ? ಪಥವನ್ನು ಬೇಡವೆಂದ ಬ್ರಿಟನ್ನಿನಲ್ಲಿ ಯುದ್ಧಾನಂತರ ಬೈಸಿಕಲ್ಲೇ ದಾರಿಯಿಂದ ಮರೆಯಾಗುತ್ತ ಬಂದುದು ಹೇಗೆ? ಹಕ್ಕನ್ನು ಉಳಿಸಿಕೊಂಡವರು ದಾರಿಯನ್ನು ಕಳೆದುಕೊಂಡರು. ಬೇರೆ ಪಥಕ್ಕೆ ಒಪ್ಪಿದವರು ದಾರಿಯನ್ನು ಪಡೆದರು. ಆದಕಾರಣ ಟೂರಿಂಗ್ ಕ್ಲಬ್ಬಿನ ಹಟವು ಬರಿಯ ಅಭಿಮಾನವೆಂದು ಸಿದ್ಧವಾಗುವುದಲ್ಲವೇ?

ಇದಕ್ಕೆ ಸಮಾಧಾನವು ಹಾಲೆಂಡಿನ ಚರಿತ್ರೆಯಲ್ಲಿಯೇ ಇದೆ. ಅಲ್ಲಿಯೂ ೧೯೫೦ರ ಬಳಿಕ ಮೋಟಾರು ಹೆಚ್ಚಿ ಬೈಸಿಕಲ್ಲು ಕುಗ್ಗುತ್ತ ಬಂದಿತು. ಹಳೆಯ ಪಥಗಳು ಇದನ್ನು ತಡೆಯಲಿಲ್ಲ. ೧೯೭೧ರಲ್ಲಿ ಆ ಸಣ್ಣ ದೇಶದ ದಾರಿಗಳಲ್ಲಿ ಮೂರು ಸಾವಿರಕ್ಕೂ ಮಿಕ್ಕಿ ಜನರು ಸತ್ತರು. ಅವರಲ್ಲಿ ನಾನೂರಕ್ಕೂ ಮೇಲ್ಪಟ್ಟು ಮಕ್ಕಳು. ತನ್ನ ಮಗುವನ್ನು ಹೀಗೆ ಕಳೆದುಕೊಂಡ ಪತ್ರಿಕಾಕರ್ತನೊಬ್ಬನು ೧೯೭೨ರಲ್ಲಿ ಬರೆದ ಲೇಖನದಿಂದ 'ಮಕ್ಕಳ ಕೊಲೆಯನ್ನು ನಿಲ್ಲಿಸಿ' ಎಂಬ ಆಂದೋಲನವು ಹುಟ್ಟಿತು. ಮರುವರ್ಷ ಪೆಟ್ರೋಲಿನ ಕ್ಷಾಮ ಬಂದು ಭಾನುವಾರಗಳಲ್ಲಿ ಮೋಟಾರುಗಳು ನಿಂತಾಗ, ಬೀದಿಯು ಹೇಗಿರಬಲ್ಲುದೆಂಬುದನ್ನು ಜನರು ಕಣ್ಣಾರೆ ಕಂಡರು. ಆಮೇಲೆ ಬಂದ ಪಥಗಳು ಹಿಂದಿನಂಥವಲ್ಲ. ಮೋಟಾರಿನ ಎಡೆಯನ್ನು ತಗ್ಗಿಸಿ ಆ ನೆಲದಲ್ಲಿ ಅವುಗಳನ್ನು ಮಾಡಿದರು. ವಸತಿಬೀದಿಗಳಲ್ಲಿ ಮೋಟಾರು ಕಾಲ್ನಡೆಯ ವೇಗದಲ್ಲಿ ಹೋಗತಕ್ಕದ್ದೆಂಬ ನಿಯಮವು ೧೯೭೬ರಲ್ಲಿ ಬಂದಿತು. ೧೯೯೪ರ ಕಾಯಿದೆಯ ೧೮೫ನೆಯ ಕಲಮಿನಂತೆ, ಮೋಟಾರು ಬೈಸಿಕಲ್ಲಿಗೆ ತಾಕಿ ಹಾನಿಯಾದರೆ, ತಪ್ಪಿಸಲಸಾಧ್ಯವಾದ ದೈವಘಟನೆಯೆಂದು ತೋರಿಸದ ಹೊರತು ಮೋಟಾರಿನ ಒಡೆಯನೇ ಹೊಣೆ. ಹದಿನಾಲ್ಕರೊಳಗಿನ ಮಕ್ಕಳ ವಿಷಯದಲ್ಲಿ ಮಗುವಿನ ತಪ್ಪನ್ನು ನ್ಯಾಯಸ್ಥಾನಗಳು ಲೆಕ್ಕಕ್ಕೆ ಹಿಡಿಯುವುದೇ ಇಲ್ಲವೆನ್ನಬಹುದು. ೨೦೦೧ರವರೆಗೆ, ಕೂಡುದಾರಿಯಲ್ಲಿ ಬಲಗಡೆಯಿಂದ ಬಂದ ಮೋಟಾರಿಗೆ ಇದ್ದ ಮುಂಗಡೆಯ ಹಕ್ಕು ಬೈಸಿಕಲ್ಲಿಗೆ ಇರಲಿಲ್ಲ. ಆ ವರ್ಷದ ಮೇ ತಿಂಗಳಿನಿಂದ ಅದೂ ಸಮವಾಯಿತು.

ಇದರಿಂದ ಪೂರ್ವಪಕ್ಷವು ನಿಲ್ಲದು. ವೆಸ್ಟರ್ನ್ ಅವೆನ್ಯೂವಿನ ಪಥವನ್ನು ಮಾಡಿದುದು ಹೆದ್ದಾರಿಯನ್ನು ಮೋಟಾರಿಗೆ ಬಿಡುವು ಮಾಡಲು. ೧೯೭೦ರ ಬಳಿಕ ಡಚ್ಚರು ಪಥವನ್ನು ಮಾಡಿದುದು ಮೋಟಾರನ್ನು ಹಿಡಿತಕ್ಕೆ ತರಲು. ಮೊದಲನೆಯದರಲ್ಲಿ ಸರಿದವನು ದುರ್ಬಲನು, ಎರಡನೆಯದರಲ್ಲಿ ಸರಿದವನು ಬಲಿಷ್ಠನು. ನೆಲದ ಮೇಲೆ ನೋಡಿದರೆ ಎರಡೂ ಒಂದೇ ಬಗೆಯ ಪಥಗಳು. ನ್ಯಾಯದಲ್ಲಿ ಪರಸ್ಪರ ವಿರುದ್ಧ. ಟೂರಿಂಗ್ ಕ್ಲಬ್ಬಿನವರು ಕಂಡ ಅಪಾಯವು ನಿಜ. ಆದರೆ ಪಥವೆಂಬುದೇ ಅಪಾಯವೆಂದು ತಿಳಿದುದು ಅವರ ಪ್ರಮಾದ. ಜರ್ಮನಿಯು ಮಧ್ಯದ ದಾರಿಯನ್ನು ಹಿಡಿದು, ೧೯೩೪ರ ಕಡ್ಡಾಯವನ್ನು ೧೯೯೭ರ ತಿದ್ದುಪಡಿಯಿಂದ ಫಲಕ ಹಾಕಿದ ಪಥಗಳಿಗೆ ಮಾತ್ರ ಸೀಮಿತಗೊಳಿಸಿತು. ವಿಶೇಷವಾದ ಅಪಾಯವಿರುವ ಕಡೆ ಮಾತ್ರ ಅಂಥ ಕಡ್ಡಾಯವು ಸಾಧುವೆಂದು ೨೦೧೦ರಲ್ಲಿ ಅಲ್ಲಿನ ಉಚ್ಚ ಆಡಳಿತ ನ್ಯಾಯಸ್ಥಾನವು ನಿರ್ಣಯಿಸಿತು.

'ಅಪೇಹಿ'ಯ ತತ್ತ್ವವು ಇಲ್ಲಿ ತಲೆಕೆಳಗಾಗಿರುವುದನ್ನೂ ಗಮನಿಸಬೇಕು. ಕೂಗಿದವನಿಗೆ ದೋಷವಿಲ್ಲವೆಂದು ಸ್ಮೃತಿ. ಹಾರ್ನು ಬಾರಿಸಿದಮಾತ್ರಕ್ಕೆ ಬಿಡುಗಡೆಯಿಲ್ಲವೆಂದು ಡಚ್ಚರ ಕಾಯಿದೆ. ಸ್ಮೃತಿಕಾರರ ಅಭಿಪ್ರಾಯವೇ ತಪ್ಪೆಂದು ಇದರಿಂದ ಹೇಳಬೇಕಾಗಿಲ್ಲ. ಕೂಗಿಗೂ ತಾಕಿಗೂ ನಡುವೆ ಸರಿಯುವಷ್ಟು ಕಾಲವಿರುವುದೆಂಬ ನಂಬಿಕೆಯು ಆ ವಿಧಿಗೆ ಆಧಾರ. ಆ ಆಧಾರವನ್ನು ಮೋಟಾರಿನ ವೇಗವು ಕಿತ್ತುಹಾಕಿದ ಮೇಲೆ ವಿಧಿಯೊಂದೇ ನಿಂತರೆ ಅದು ಬಲಿಷ್ಠನ ಕೈಯ ಚಾವಟಿಯಾಗುತ್ತದೆ.

೭

ಭಾರತದಲ್ಲಿ ೧೮೬೦ರ ದಂಡಸಂಹಿತೆಯ ೨೭೯ನೆಯ ಕಲಮು ದುಡುಕಿನಿಂದ ಗಾಡಿ ನಡೆಸುವುದನ್ನೂ ಸವಾರಿ ಮಾಡುವುದನ್ನೂ ಒಂದೇ ಉಸಿರಿನಲ್ಲಿ ಅಪರಾಧವೆಂದಿತು; ೨೦೨೩ರ ನ್ಯಾಯಸಂಹಿತೆಯಲ್ಲಿ ಅದೇ ೨೮೧ನೆಯ ಕಲಮಾಗಿದೆ. ಮೋಟಾರುಗಳಿಗೆ ಬೇರೆಯಾಗಿ ೧೯೧೪, ೧೯೩೯, ೧೯೮೮ರ ಕಾಯಿದೆಗಳು ಬಂದವು. ತಪ್ಪನ್ನು ರುಜುವಾತುಪಡಿಸದೆಯೇ ನೊಂದವರಿಗೆ ಒಂದು ಮೊತ್ತವು ಸಲ್ಲಬೇಕೆಂಬ ತತ್ತ್ವವು ೧೯೮೨ರಲ್ಲಿ ಪ್ರವೇಶಿಸಿತು. ೨೦೧೯ರ ತಿದ್ದುಪಡಿಯಂತೆ ಅದು ಮರಣಕ್ಕೆ ೫ ಲಕ್ಷ ರೂಪಾಯಿ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ. ಹೊಣೆಯು ಬಲಿಷ್ಠನ ಕಡೆಗೆ ಸರಿಯುತ್ತಿರುವುದರ ಲಕ್ಷಣವಿದು. ಆದರೆ ಇದು ಸತ್ತಮೇಲಣ ನ್ಯಾಯ. ೨೦೨೨ರೊಂ‌ದರಲ್ಲಿಯೇ ಈ ದೇಶದ ದಾರಿಗಳಲ್ಲಿ ೧,೬೮,೪೯೧ ಮಂದಿ ಮಡಿದರು.

ಬದುಕಿರುವವನ ದಾರಿಯ ವಿಷಯದಲ್ಲಿ ನಡವಳಿಕೆಯು ಬೇರೆಯಾಗಿಯೇ ಇದೆ. ಕಲಕತ್ತೆಯಲ್ಲಿ ೨೦೧೩ರಲ್ಲಿ ವಾಹನಗಳ ಓಟಕ್ಕೆ ಅಡ್ಡಿಯಾಗುವುದೆಂಬ ಕಾರಣದಿಂದ ೧೭೪ ಬೀದಿಗಳಲ್ಲಿ ಬೈಸಿಕಲ್ಲನ್ನು ನಿಷೇಧಿಸಲಾಯಿತು. ಪ್ರತಿಭಟನೆಯಾದ ಮೇಲೆ ಸಂಖ್ಯೆಯನ್ನು ತಗ್ಗಿಸಿದರು. ಅಲ್ಲಿ ನಿಷೇಧವು ತಟ್ಟಿದುದು ವಿಹಾರಕ್ಕೆ ಹೊರಟವರಿಗಲ್ಲ. ಹಾಲು ಮಾರುವವರಿಗೆ, ಪತ್ರಿಕೆ ಹಂಚುವವರಿಗೆ, ಕೂಲಿಗೆ ಹೋಗುವವರಿಗೆ. ಬೇರೆ ಪಥವನ್ನಾದರೂ ಕೊಡದೆ ಮಾಡಿದ ವಿಭಾಗವಿದು. ಇದಕ್ಕೆ ಬಹಿಷ್ಕಾರವೆಂಬ ಹೆಸರೇ ತಕ್ಕುದು. ಮೈಸೂರಿನಲ್ಲಿ ೨೦೧೭ರಲ್ಲಿ 'ಟ್ರಿಣ್ ಟ್ರಿಣ್' ಎಂಬ ಸಾರ್ವಜನಿಕ ಬೈಸಿಕಲ್ಲುಗಳ ಏರ್ಪಾಡು ಆರಂಭವಾಯಿತು. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ೨೦೨೦ರಲ್ಲಿ ದಾರಿಯ ಅಂಚಿನಲ್ಲಿ ಕಂಬಗಳನ್ನು ನೆಟ್ಟು ಬೈಸಿಕಲ್ಲಿಗೆ ಓಣಿಯನ್ನು ಬಿಡಿಸಿದರು. ಕೌಟಿಲ್ಯನ ಎರಡು ಮೊಳಕ್ಕೆ ಹನ್ನೆರಡು ಪಣದ ಕಾವಲಿದ್ದಿತು. ಅಂಥ ಕಾವಲಿಲ್ಲದ ಓಣಿಯೊಳಕ್ಕೆ ಇತರ ವಾಹನಗಳು ನುಗ್ಗುವುದನ್ನು ನಮ್ಮ ಊರುಗಳಲ್ಲಿ ದಿನವೂ ಕಾಣಬಹುದು. ವಿಭಾಗವನ್ನು ಬರೆದವನು ಅದನ್ನು ಕಾಯದಿದ್ದರೆ ಬರೆದುದು ಬಣ್ಣ ಮಾತ್ರ.

ಸವಾರರಲ್ಲಿಯೂ ದೋಷವಿಲ್ಲವೆಂದಲ್ಲ. ದೀಪವಿಲ್ಲದೆ ಇರುಳಿನಲ್ಲಿ ನುಗ್ಗುವವರು, ಎದುರುದಿಕ್ಕಿನಲ್ಲಿ ಬರುವವರು, ಕಾಲುದಾರಿಯನ್ನು ಆಕ್ರಮಿಸಿ ಮುದುಕರನ್ನು ಬೆದರಿಸುವವರು ಎಲ್ಲ ಊರುಗಳಲ್ಲಿಯೂ ಉಂಟು. ೧೮೭೦ರ ದಶಕದಲ್ಲಿ ಕಾಲ್ನಡೆಯವರು ಬೈಸಿಕಲ್ಲಿನ ಮೇಲೆ ಹೊರಿಸಿದ ದೂರುಗಳನ್ನೇ ಮುಂದೆ ಬೈಸಿಕಲ್ಲಿನವರು ಮೋಟಾರಿನ ಮೇಲೆ ಹೊರಿಸಿದರೆಂಬುದನ್ನು ಮರೆಯಬಾರದು. ಬಲಿಷ್ಠನೆಂಬುದು ಜಾತಿಯಲ್ಲ, ಆ ಕ್ಷಣದ ಸ್ಥಿತಿ. ಮೋಟಾರಿನ ಮುಂದೆ ದುರ್ಬಲನಾದ ಸವಾರನೇ ಕಾಲ್ನಡೆಯವನ ಮುಂದೆ ಬಲಿಷ್ಠನು. ಅಲ್ಲಿ ದಾರಿ ಬಿಡುವ ಹೊಣೆಯು ಅವನದೇ.

ಬ್ರಿಟನ್ನಿನ ದಾರಿಸಂಹಿತೆಗೆ ೨೦೨೨ರ ಜನವರಿಯಲ್ಲಿ ಸೇರಿದ ನಿಯಮವು ಇದನ್ನೇ ಹೇಳುತ್ತದೆ: ಯಾರ ವಾಹನದಿಂದ ಹೆಚ್ಚಿನ ಹಾನಿಯಾಗಬಲ್ಲುದೋ ಅವರ ಮೇಲೆ ಹೆಚ್ಚಿನ ಹೊಣೆ. ಊರುಗಳ ಮಿತವೇಗದಲ್ಲಿ ಬೈಸಿಕಲ್ಲನ್ನು ದಾಟುವಾಗ ಕಡಮೆಯೆಂದರೆ ಒಂದೂವರೆ ಮೀಟರಿನ ಎಡೆಯಿರಬೇಕೆಂದೂ ಅದರಲ್ಲಿದೆ. ಸೇಂಟ್ ಆಲ್ಬನ್ಸಿನ ಚಾವಟಿಯಿಂದ ಈ ನಿಯಮದವರೆಗೆ ಬರಲು ಆ ದೇಶಕ್ಕೆ ನೂರನಲವತ್ತಾರು ವರ್ಷಗಳು ಹಿಡಿದವು.

ಮನುವಿನ ಪಟ್ಟಿಯಲ್ಲಿ ಮಾನ್ಯತೆ, ಅಶಕ್ತಿ, ತಿರುಗಲಾರದಿರುವಿಕೆ ಎಂಬ ಮೂರು ಕಾರಣಗಳು ಕೂಡಿದ್ದುವಷ್ಟೆ. ಈ ಚರಿತ್ರೆಯ ಪರೀಕ್ಷೆಯಲ್ಲಿ ಮಾನ್ಯತೆಯು ಉದುರಿಹೋಯಿತು, ತಿರುಗಲಾರೆನೆಂಬ ನೆಪವು ಒಂದು ಬೆರಳಿನಿಂದ ಚಕ್ರವನ್ನು ತಿರುಗಿಸಬಲ್ಲ ಮೋಟಾರಿನವನಿಗೆ ಸಲ್ಲದು, ಅಶಕ್ತಿಯೊಂದೇ ಉಳಿಯಿತು. ದಾನವೆಂಬ ಶಬ್ದಕ್ಕೆ ಅರ್ಥವಿರಬೇಕಾದರೆ ಕೊಡುವವನು ಉಳ್ಳವನಾಗಿರಬೇಕು. ಮಾರ್ಗದಾನವಾಗಲಿ ಮಾರ್ಗವಿಭಾಗವಾಗಲಿ, ಅಲ್ಲಿ ನೆಲವನ್ನು ಬಿಟ್ಟುಕೊಟ್ಟವನು ಯಾರೆಂದು ಕೇಳಿದರೆ ನ್ಯಾಯಾನ್ಯಾಯಗಳು ತಾವಾಗಿಯೇ ತೋರುತ್ತವೆ. ಕಲ್ಮಾಷಪಾದನಿಗೂ ಜನಕನಿಗೂ ದಾರಿಯಲ್ಲಿ ಎದುರಾದವರು ಇಬ್ಬರೂ ಬರಿಗಾಲಿನವರೇ. ದಾರಿ ಬಿಟ್ಟ ಜನಕನ ರಾಜ್ಯವು ಅದರಿಂದ ಒಂದು ಮೊಳವೂ ಕಿರಿದಾಗಲಿಲ್ಲ.